‘30ಎ ವಿಧಿ’: ಹಾಗೊಂದು ವಿಧಿಯೇ ಇಲ್ಲ

‘ಸಂವಿಧಾನದ 30ಎ ವಿಧಿಯಂತೆ ಕಾನ್ವೆಂಟ್‌ನಲ್ಲಿ ಬೈಬಲ್ ಕಲಿಸಬಹುದು, ನಮ್ಮ ಶಾಲೆಯಲ್ಲಿ ಗೀತೆ ಕಲಿಸುವಂತಿಲ್ಲ.’ ಈ ಮೆಸೇಜ್ ನಿಮಗೂ ಬಂದಿರಬಹುದು.

ಸಂವಿಧಾನದಲ್ಲಿ 30ಎ ವಿಧಿಯೇ ಇಲ್ಲ. 30(1ಎ) ಅಂತ ಒಂದು ಉಪವಿಧಿ ಇದೆ, 1978ರ 44ನೇ ತಿದ್ದುಪಡಿಯಲ್ಲಿ ಬಂದದ್ದು. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಯ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡರೆ ಪರಿಹಾರ ಹೇಗಿರಬೇಕು ಅನ್ನೋದಷ್ಟೇ ಅದರ ವಿಷಯ. ಗೀತೆ, ಬೈಬಲ್ ಎರಡರ ಸುದ್ದಿಯೂ ಅದರಲ್ಲಿಲ್ಲ. ಅಂದಹಾಗೆ, ತಮ್ಮದೇ ಶಿಕ್ಷಣ ಸಂಸ್ಥೆ ತೆರೆದು ನಡೆಸುವ 30ನೇ ವಿಧಿಯ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೂ ಇದೆ. ಮಹಾರಾಷ್ಟ್ರದ ಕನ್ನಡಿಗರಿಗೂ!

ಶಾಲೆಯಲ್ಲಿ ಧರ್ಮಬೋಧನೆಯ ಮಾತು ಬರುವುದು 28ನೇ ವಿಧಿಯಲ್ಲಿ. ಪೂರ್ತಿ ಸರ್ಕಾರಿ ಹಣದಲ್ಲೇ ನಡೆಯುವ ಶಾಲೆಯಲ್ಲಿ ಯಾವ ಧರ್ಮದ ಬೋಧನೆಯೂ ಇರುವಂತಿಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಇರಬಹುದು, ಆದರೆ ಬಲವಂತ ಮಾಡುವಂತಿಲ್ಲ. ಮಗುವನ್ನು ಅದಕ್ಕೆ ಸೇರಿಸಲು ಪೋಷಕರ ಒಪ್ಪಿಗೆ ಬೇಕೇ ಬೇಕು. ಕಥೋಲಿಕ ಹೈಸ್ಕೂಲಿಗೂ ಇದೇ ನಿಯಮ, ಮಠದ ಹೈಸ್ಕೂಲಿಗೂ ಇದೇ.

ಹಾಗಾದ್ರೆ ಕಾನ್ವೆಂಟ್‌ಗಳಲ್ಲಿ ನಡೆಯೋದೇನು? ಸಾಮಾನ್ಯವಾಗಿ ಬೆಲ್ ಹೊಡೆದ ಮೇಲೆ ಕ್ಲಾಸು ಎರಡಾಗುತ್ತದೆ. ಕಥೋಲಿಕ ಮಕ್ಕಳು ಧರ್ಮೋಪದೇಶದ ಪುಸ್ತಕ ಹಿಡಿದು ಪಕ್ಕದ ಕೋಣೆಗೆ. ಉಳಿದವರಿಗೆ ‘ಮಾರಲ್ ಸೈನ್ಸ್’: ಸುಳ್ಳು, ಪ್ರಾಮಾಣಿಕತೆ, ನೆರೆಮನೆಯವರಿಗೆ ನೆರವು, ಇಂಥವೇ ಪಾಠ. ಜೊತೆಗೆ ವೃದ್ಧಾಶ್ರಮದ ಭೇಟಿಯಂಥ ಸೇವೆಯ ಕೆಲಸ.

ಎಲ್ಲ ಶಾಲೆಯೂ ಇದನ್ನು ಸರಿಯಾಗಿ ಪಾಲಿಸುತ್ತವೆ ಅಂತ ನಾನೇನೂ ಹೇಳುತ್ತಿಲ್ಲ. ಕಥೋಲಿಕ ಬಿಷಪರ ರಾಷ್ಟ್ರೀಯ ಮಂಡಳಿಯೇ 2024ರಲ್ಲಿ ತನ್ನ ಶಾಲೆಗಳಿಗೆ ಮಾರ್ಗಸೂಚಿ ಕೊಟ್ಟು, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಬೆಳಗಿನ ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ ಎಂದಿತ್ತು. ನಿಮ್ಮ ಮಗುವಿನ ಶಾಲೆಯಲ್ಲಿ ಒತ್ತಾಯ ಕಂಡರೆ, 28(3)ನೇ ವಿಧಿ ಉಲ್ಲೇಖಿಸಿ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆಯಿರಿ.