ಬಿಲಕ್ಕೆ ಬಿಸಿನೀರು ಸುರಿಯಬೇಡಿ

ಕಳೆದ ವಾರ ಇಲ್ಲಿ ಪರ್ತ್‌ನಲ್ಲಿ, ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು ಹಿತ್ತಲಿನ ಚೇಳಿನ ಬಿಲಕ್ಕೆ ಕುದಿಯುವ ನೀರು ಸುರಿದೆನೆಂದು ಖುಷಿಯಿಂದ ಹೇಳಿದರು. ಉಣ್ಣುತ್ತಿದ್ದ ತುತ್ತು ಗಂಟಲಲ್ಲೇ ನಿಂತಿತು. ಊಟದ ಹೊತ್ತಲ್ಲಿ ಜಗಳ ಬೇಡವೆಂದು ಸುಮ್ಮನಾದೆ. ಈಗ ಹೇಳುತ್ತೇನೆ.

ಅವರ ಭಯ ನನಗೆ ಗೊತ್ತು. ನಾನೂ ಯಾದಗಿರಿ ಕಡೆಯವನು. ಕೆಂಪು ಚೇಳು ಕುಟುಕಿದ ಮಕ್ಕಳು ಮೈಯೆಲ್ಲ ಬೆವರಿ ಒದ್ದಾಡಿದ ಕಥೆ ಕೇಳುತ್ತಲೇ ಬೆಳೆದವನು. ಕೊಂಕಣದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ರಕ್ತದೊತ್ತಡದ ಔಷಧ ಪ್ರಾಜೋಸಿನ್ ಈ ವಿಷಕ್ಕೂ ಆಗಿಬರುತ್ತದೆಂದು ತೋರಿಸುವ ಮುಂಚೆ ಎಷ್ಟು ಜೀವ ಹೋದವೋ! ಆದರೆ ಇಲ್ಲಿನ ಚೇಳು ಬೇರೆ. 1861ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಪೀಟರ್ಸ್ ಇದಕ್ಕೆ ಯೂರೋಡಾಕಸ್ ನೋವೆಹಾಲಾಂಡಿಯೆ ಎಂದು ಹೆಸರಿಟ್ಟರು. ಪಶ್ಚಿಮ ಮತ್ತು ದಕ್ಷಿಣ ಆಸ್ಟ್ರೇಲಿಯಾದ ಕರಾವಳಿಯ ಮರಳೇ ಇದರ ಮನೆ. ಕುಟುಕಿದರೆ ಉರಿ, ಬಾವು ಇದ್ದದ್ದೇ. ಆದರೆ ನಮ್ಮ ಕೆಂಪು ಚೇಳಿನಂತೆ ಹೃದಯಕ್ಕೆ ಎರಗುವ ವಿಷವಲ್ಲ. ನಮ್ಮ ಕಡೆಯ ದೊಡ್ಡ ಕರಿ ಚೇಳು ಮಂಡರಗಬ್ಬೆಯ ಹಾಗೆ ಇದರ ಬಲವೂ ದಪ್ಪ ಇಕ್ಕಳಗಳಲ್ಲಿದೆ.

ಒಂದು ರಾತ್ರಿ ಮಗಳೊಂದಿಗೆ ಕಡಲ ಪಕ್ಕದ ದಿಬ್ಬಕ್ಕೆ ಹೋಗಿದ್ದೆ. ಬಿಲದ ಬಾಯಿ ಗುಂಡಗಿರಲಿಲ್ಲ. ಬಿದಿಗೆ ಚಂದ್ರನಂತೆ ಬಾಗಿತ್ತು, ಚೇಳಿನ ಮೈ ಅಳತೆಗೆ ಕೊರೆದಂತೆ. ಮುಂದೆ ಹೊಸದಾಗಿ ತೋಡಿ ಹಾಕಿದ ಮರಳು, ಅದರಲ್ಲಿ ಜೀರುಂಡೆಯ ರೆಕ್ಕೆಯ ಒಂದು ಚೂರು. ಹೊಸ್ತಿಲಲ್ಲಿ ಎರಡೂ ಇಕ್ಕಳ ಚಾಚಿ ಚೇಳು ಕಾದು ಕುಳಿತಿತ್ತು. ನೇರಳಾತೀತ ಟಾರ್ಚ್ ಬಿಟ್ಟೊಡನೆ ಮೈಯೆಲ್ಲ ಹಸಿರು ನೀಲಿಯಾಗಿ ಹೊಳೆಯಿತು. ಮಗಳು ಒಂದು ಹೆಜ್ಜೆ ಮುಂದಿಟ್ಟಳು, ಅಷ್ಟೇ. ಮರಳಿನ ಅದುರು ತನ್ನ ಕಾಲಿಗೆ ತಾಗಿ, ಚೇಳು ಹಿಮ್ಮುಖವಾಗಿ ಒಳಸರಿಯಿತು. ನಮ್ಮ ಮೇಲೆ ಏರಿ ಬರಲಿಲ್ಲ.

ಇಲ್ಲಿನ ಬೇಸಿಗೆಯ ಸುಡು ಮರಳಿನಲ್ಲಿ ಅದನ್ನು ಕಾಯುವುದು ಆ ಬಿಲದ ತಂಪೊಂದೇ. ನಗರವೋ ಕಡಲಂಚಿನಲ್ಲೇ ಉತ್ತರಕ್ಕೆ ಯಾಂಚೆಪ್‌ವರೆಗೂ ಬೆಳೆದಿದೆ. ಈ ಮರಳಿನಲ್ಲಿ ಬೆಳೆಯುವ ಬ್ಯಾಂಕ್ಸಿಯಾ ಎಂಬ ಮರಗಳ ಕಾಡನ್ನು 2016ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ. ದಿಬ್ಬ ಸವರಿ ಕಟ್ಟಿದ ಮನೆಯಲ್ಲಿ ನಾನೂ ಇದ್ದೇನೆ. ಅದಕ್ಕೇ ಹಿತ್ತಲಲ್ಲಿ ಉಳಿದ ಬಿಲವನ್ನಾದರೂ ಬಿಡೋಣ ಎನ್ನುತ್ತಿದ್ದೇನೆ.

ನಮ್ಮ ಕಂದಕೂರಿನ ಬೆಟ್ಟದಲ್ಲಿ ನಾಗರ ಪಂಚಮಿಯಂದು ಜನ ಕಲ್ಲೆತ್ತಿ ಚೇಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಅಷ್ಟು ಧೈರ್ಯ ನನಗಿಲ್ಲ, ನೀವೂ ಮಾಡಬೇಡಿ. ರಾತ್ರಿ ಹಿತ್ತಲಿಗೆ ಹೋಗುವಾಗ ಚಪ್ಪಲಿ ಬೇಡ, ಶೂ ಹಾಕಿ. ಹೊರಗೆ ಬಿಟ್ಟ ಶೂಗಳನ್ನು ಕೊಡವಿಯೇ ತೊಡಿ. ಮನೆಯೊಳಗೆ ಬಂದ ಚೇಳಿಗೆ ಗಾಜಿನ ಡಬ್ಬಿ ಕವುಚಿ, ಅಡಿಗೆ ರಟ್ಟು ತೂರಿಸಿ, ಹೊರಗೆ ಬಿಟ್ಟುಬನ್ನಿ.

ಆ ಹಿರಿಯರ ಬೇಲಿಯ ಬುಡದಲ್ಲಿ ಇನ್ನೊಂದು ಬಿಲ ಇದೆಯಂತೆ. ಶನಿವಾರ ಸಂಜೆ ಟಾರ್ಚ್ ತೆಗೆದುಕೊಂಡು ಹೋಗುತ್ತಿದ್ದೇನೆ.