ಕಾಯಿ, ಕಾಳು, ಬೇಳೆ

ಡಿಸೆಂಬರ್ ನಡುಭಾಗದ ಹೊತ್ತಿಗೆ ಹಳೇ ಮೈಸೂರು ಸೀಮೆಯ ಯಾವ ಸಂತೆಗೆ ಹೋದರೂ, ಬೆಂಗಳೂರಿನ ಯಾವ ಸರ್ಕಲ್ಲಿನ ಫುಟ್‌ಪಾತಿನಲ್ಲಿ ನಿಂತರೂ, ಕಣ್ಣಿಗಿಂತ ಮೊದಲು ಮೂಗಿಗೆ ಸುದ್ದಿ ಮುಟ್ಟುತ್ತದೆ: ಅವರೆಕಾಯಿ ಬಂದಿದೆ. ಬದನೆ, ಬೀನ್ಸು, ಕೋಸುಗಳನ್ನು ನೋಡಿ ಕೊಳ್ಳುತ್ತೇವೆ. ಅವರೆಯನ್ನು ಮೂಸಿ ಕೊಳ್ಳುತ್ತೇವೆ. ಮಾರುವಾಕೆ "ಸೊಗಡು ನೋಡಿ ಅಕ್ಕಾ" ಅಂತ ಒಂದು ಕಾಯಿ ಮುರಿದು ಮೂಗಿನ ಹತ್ತಿರ ಹಿಡಿದಳೆಂದರೆ ಚೌಕಾಸಿಯಲ್ಲಿ ಅರ್ಧ ಸೋತಂತೆಯೇ. ಇನ್ನರ್ಧ ಸೋಲು ಅವಳು ಮೇಲಿಂದ ಒಂದು ಹಿಡಿ ಕೊಸರು ಹಾಕಿದಾಗ.

ಆದರೆ ಸೋಲುವ ಮೊದಲು ಸ್ವಲ್ಪ ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ಯಾಕೆಂದರೆ ಒಂದೇ ಗೋಣಿತಾಟಿನ ಮೇಲೆ ಇದೇ ಅವರೆ ಮೂರು ಅವತಾರದಲ್ಲಿ ಕೂತಿರುತ್ತದೆ. ಕಾಯಿ ಗುಡ್ಡೆಯಾಗಿ, ಕೇಜಿ ಲೆಕ್ಕಕ್ಕೆ. ಸುಲಿದ ಕಾಳು ಪಾವು-ಸೇರಿನ ಲೆಕ್ಕಕ್ಕೆ. ನೆನೆಸಿ, ಸಿಪ್ಪೆ ಹಿದುಕಿ ತೆಗೆದ ಬೇಳೆ ಸ್ಟೀಲ್ ಬೇಸಿನ್ನಿನಲ್ಲಿ, ಒದ್ದೆ ಬಟ್ಟೆ ಹೊದ್ದು, ಮದುಮಗಳ ಹಾಗೆ. ಬೆಲೆಯೂ ಅದೇ ಕ್ರಮದಲ್ಲಿ ಏರುತ್ತ ಹೋಗುತ್ತದೆ. ಹೆಚ್ಚುವ ಆ ಹಣ ಅವರೆಯದಲ್ಲ, ಬೆರಳಿನದು. ಮಾರುವಾಕೆಯ ಬೆರಳೋ ನಮ್ಮ ಬೆರಳೋ ಅನ್ನುವುದಷ್ಟೇ ಪ್ರಶ್ನೆ.

ಚೆನ್ನಾಗಿ ತುಂಬಿಕೊಂಡ ಒಂದು ಕೇಜಿ ಕಾಯಿ ಸುಲಿದರೆ ಹೆಚ್ಚುಕಡಿಮೆ 400 ಗ್ರಾಂ ಕಾಳು. ಚಪ್ಪಟೆ ಕಾಯಿ, ಹುಳುಕು ಕಾಯಿ ಸೇರಿದ್ದರೆ 300ಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಹಾಗಾಗಿ ಒಂದು ಕೇಜಿ ಕಾಳಿನ ದರ ಒಂದು ಕೇಜಿ ಕಾಯಿಯ ದರಕ್ಕಿಂತ ಎರಡೂವರೆ ಪಟ್ಟಿನ ಒಳಗಿದ್ದರೆ ಸುಮ್ಮನೆ ಕಾಳನ್ನೇ ಕೊಳ್ಳಬಹುದು. ಸುಲಿದ ಕೂಲಿ ನಮಗೆ ಬಿಟ್ಟಿ ಸಿಕ್ಕಿತು. ಸಂಜೆ ಏಳರ ಮೇಲೆ, ಬುಟ್ಟಿ ಖಾಲಿ ಮಾಡುವ ಆತುರದಲ್ಲಿ, ಈ ಯೋಗ ಆಗಾಗ ಕೂಡಿಬರುತ್ತದೆ. ತೊಡಕೆಂದರೆ ಕಾಯಿ ತೂಕದಲ್ಲಿ, ಕಾಳು ಅಳತೆಯಲ್ಲಿ. ಪಾವಿನ ಮೇಲೆ ಗೋಪುರ ಏರಿಸುವಾಗ ಹೆಬ್ಬೆರಳು ಪಾವಿನ ಒಳಗಿದೆಯೋ ಹೊರಗಿದೆಯೋ ಎನ್ನುವುದು ತಲೆಮಾರುಗಳಿಂದ ಬಗೆಹರಿಯದ ವ್ಯಾಜ್ಯ. ಮನೆಯಲ್ಲಿ ಒಮ್ಮೆ ಒಂದು ಪಾವು ಕಾಳನ್ನು ತೂಗಿ ಆ ಅಂಕಿಯನ್ನು ನೆನಪಿಟ್ಟುಕೊಂಡರೆ ಆ ಚಳಿಗಾಲಕ್ಕೆ ಸಾಕು.

ಬೇಳೆಯ ಲೆಕ್ಕ ಇನ್ನೂ ನಾಜೂಕು. ರಾತ್ರಿಯಿಡೀ ನೆನೆದದ್ದು ನೀರು ಕುಡಿದಿರುತ್ತದೆ. ಬೇಳೆಯ ದರದಲ್ಲಿ ನೀರನ್ನೂ ಕೊಳ್ಳುತ್ತೇವೆ. ಆದರೂ ದುಬಾರಿ ಅಂತ ಮೂಗು ಮುರಿಯುವ ಮೊದಲು ಗಡಿಯಾರ ನೋಡಿಕೊಳ್ಳಿ. ಒಬ್ಬರೇ ಕೂತರೆ ಒಂದು ಕೇಜಿ ಕಾಯಿ ಸುಲಿಯಲು ಅರ್ಧ ಗಂಟೆ, ಆ ಕಾಳನ್ನು ಹಿದುಕಲು ಮತ್ತೆ ಮುಕ್ಕಾಲು ಗಂಟೆ. ಮನೆಯಲ್ಲಿ ಟಿ.ವಿ. ನೋಡುವವರು ನಾಲ್ಕು ಜನ ಇದ್ದರೆ ಕಾಯಿ ಕೊಳ್ಳಿ. ಒಬ್ಬರೇ ಇದ್ದು ಬೆಳಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವರು ಬೇಳೆ ಕೊಂಡರೆ ಅದನ್ನು ದುಂದುಗಾರಿಕೆ ಅನ್ನಲಾಗದು.

ಕಾಯಿ ಆರಿಸುವುದಕ್ಕೆ ಕಣ್ಣು, ಮೂಗು, ಬೆರಳು ಮೂರೂ ಬೇಕು. ಸಿಪ್ಪೆಯ ಮೇಲೆ ಎಣ್ಣೆಯಂಥ ಜಿನುಗು ಒಸರಿರುತ್ತದೆ. ಸೊಗಡಿನ ಮೂಲ ಅದೇ. ಹಿಡಿದ ಬೆರಳಿಗೆ ಅಂಟಿ, ಸೋಪು ಹಾಕಿದರೂ ಸಲೀಸಾಗಿ ಹೋಗಬಾರದು, ಅಂಥದ್ದು ಒಳ್ಳೆಯ ಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಅನ್ನುತ್ತಾರೆ ರೈತರು. ಒಳಗಿನ ಕಾಳಿನ ಉಬ್ಬು ಹೊರಗಿನಿಂದಲೇ ಎಣಿಸುವಂತೆ ಕಾಣಬೇಕು. ಉಬ್ಬಿಲ್ಲದ್ದು ಎಳಸು: ಕಾಳು ಹಿದುಕಲು ಹೋದರೆ ಜಜ್ಜಿಹೋಗುತ್ತದೆ. ಸಿಪ್ಪೆ ಹಳದಿಗೆ ತಿರುಗಿ ಸುಕ್ಕು ಬಿದ್ದದ್ದು ತೀರಾ ಬಲಿತದ್ದು: ಬೇಯಲು ಸತಾಯಿಸುತ್ತದೆ. ಸೂಜಿ ಚುಚ್ಚಿದಂಥ ತೂತು ಕಂಡರೆ ಒಳಗೆ ಬಾಡಿಗೆದಾರ ಇದ್ದಾನೆ. ಇನ್ನೊಂದು ಮಾತು: ಗುಡ್ಡೆಯ ಮೇಲಿನ ಕಾಯಿ ನೋಡಿ ಮರುಳಾಗದೆ ಅಡಿಗೆ ಕೈ ಹಾಕಿ. ಮೂಟೆಯಲ್ಲಿ ಒತ್ತಿ ಬಂದ ಹಸಿ ಕಾಯಿ ತನ್ನದೇ ಕಾವಿಗೆ ಬೆವರುತ್ತದೆ. ಕೈಗೆ ಬೆಚ್ಚಗೆ ತಗುಲಿದರೆ ನಾಳೆ ಸಿಪ್ಪೆ ಕಪ್ಪಾಗುತ್ತದೆ, ನಾಡಿದ್ದು ಕಾಳು ಜಿಡ್ಡುಗಟ್ಟುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಬಿಗಿದು ತಂದರೂ ಇದೇ ಗತಿ. ಬಟ್ಟೆ ಚೀಲದಲ್ಲಿ ತಂದು, ಮನೆಗೆ ಬಂದ ಕೂಡಲೇ ಪೇಪರಿನ ಮೇಲೆ ಹರವಬೇಕು. ತೊಳೆಯದೆ ಇಟ್ಟರೆ ಮೂರು ನಾಲ್ಕು ದಿನ ಬಾಳುತ್ತದೆ.

ಅವರೆ ಚಳಿಗಾಲದಲ್ಲೇ ಯಾಕೆ ಅಗ್ಗ ಅನ್ನುವುದಕ್ಕೆ ಉತ್ತರ ಹಗಲಿನ ಉದ್ದದಲ್ಲಿದೆ. ನಾಟಿ ಅವರೆ ಗಿಡ ಹಗಲು ಮೊಟಕಾಗದೆ ಹೂ ಬಿಡುವುದಿಲ್ಲ. ಮುಂಗಾರಿನಲ್ಲಿ ರಾಗಿ ಹೊಲದ ನಡುವೆ ಅಕ್ಕಡಿ ಸಾಲಾಗಿ ಬಿತ್ತಿದ ಗಿಡ, ರಾಗಿ ಕೊಯ್ಲು ಮುಗಿಸಿ ಹೊಲ ಬರಿದಾದ ಮೇಲೆ ನಿಧಾನವಾಗಿ ತನ್ನ ಸರದಿ ಶುರುಮಾಡುತ್ತದೆ. ಎಲ್ಲರ ಹೊಲದಲ್ಲೂ ಒಟ್ಟಿಗೇ ಕಾಯಿ ಬಂದರೆ ದರ ಇಳಿಯದೆ ಇನ್ನೇನು? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಹೊರತಂದ ಹೆಬ್ಬಾಳ ಅವರೆ ತಳಿಗಳಿಗೆ ಈ ಹಗಲಿನ ಹಂಗಿಲ್ಲ, ವರ್ಷವಿಡೀ ಕಾಯಿ ಬಿಡುತ್ತವೆ. ಉಪಕಾರವೇ. ಆದರೆ ಜೂನ್ ತಿಂಗಳ ಅವರೆಕಾಯಿ ಮೂಸಿದವರ ಮುಖದಲ್ಲಿ ಜನವರಿಯ ಕಳೆ ಕಾಣುವುದಿಲ್ಲ. ಮುದ್ದೆ ಮತ್ತು ಅವರೆ ಸಾರು ತಟ್ಟೆಗೆ ಬರುವ ಮೊದಲೇ ಒಂದೇ ಹೊಲದಲ್ಲಿ ಜೊತೆಗೆ ಬೆಳೆದವು ಎಂಬುದನ್ನು ಉಣ್ಣುವವರು ಮರೆತಿರಬಹುದು, ಹೊಂದಾಣಿಕೆ ಮಾತ್ರ ಮರೆತಿಲ್ಲ.

ಇನ್ನು ಹಿದುಕುವುದು. ಸುಲಿದ ಕಾಳನ್ನು ಮುಳುಗುವಷ್ಟು ನೀರಿನಲ್ಲಿ ಆರರಿಂದ ಎಂಟು ಗಂಟೆ ನೆನೆಸಬೇಕು. ಚಳಿಗೆ ನಲ್ಲಿ ನೀರು ತಣ್ಣಗೆ ಕೊರೆಯುವುದರಿಂದ ಮೊದಲ ನೀರು ಉಗುರುಬೆಚ್ಚಗಿದ್ದರೆ ಎರಡು ಗಂಟೆ ಉಳಿಯುತ್ತದೆ. ಬಿಸಿ ನೀರು ಬೇಡ, ಕಾಳು ಅರೆಬೆಂದು ಸಿಪ್ಪೆಗೇ ಅಂಟುತ್ತದೆ. ಸಿಪ್ಪೆ ಉಬ್ಬಿ ಸಡಿಲವಾದಾಗ ಹದ. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳಿನ ಒಂದು ತುದಿ ಹಿಡಿದು ಒತ್ತಿದರೆ ಇನ್ನೊಂದು ತುದಿ ಹರಿದು ಬೇಳೆ ಪುಳಕ್ಕನೆ ಜಾರುತ್ತದೆ. ಅಂಗೈ ಅಡ್ಡ ಇಡದಿದ್ದರೆ ನೇರ ಫ್ರಿಜ್ಜಿನ ಅಡಿಗೆ ಹೋಗಿ, ಯುಗಾದಿಗೆ ಮನೆ ಗುಡಿಸುವಾಗ ಕಲ್ಲಾಗಿ ಸಿಗುತ್ತದೆ. ಹನ್ನೆರಡು ಗಂಟೆ ಮೀರಿ ನೆನೆದ ಕಾಳು ಲೋಳೆಯಾಗಿ ಹುಳಿ ವಾಸನೆ ಹಿಡಿಯುತ್ತದೆ. ನಡುವೆ ಒಮ್ಮೆ ನೀರು ಬದಲಿಸಿದರೆ ಈ ತಾಪತ್ರಯ ಇಲ್ಲ.

ಹಿದಕವರೆ ಸಾರು ಮಾಡುವಾಗ ಹೆಚ್ಚಿನವರು ಕೆಡಿಸುವುದು ಕುಕ್ಕರಿನಿಂದ. ಇಷ್ಟೆಲ್ಲ ಬೆರಳು ಸವೆಸಿ ತೆಗೆದ ಬೇಳೆ ಎರಡು ಸೀಟಿಗೆ ಗೊಜ್ಜಾಗಿ ಕೂತಿರುತ್ತದೆ. ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಹಾಕಿದರೆ ಎಂಟು ಹತ್ತು ನಿಮಿಷ ಸಾಕು. ಕೆಡಿಸುವ ಇನ್ನೊಂದು ದಾರಿ ಟೊಮೆಟೊ, ಹುಣಸೆಯನ್ನು ಮೊದಲೇ ಹಾಕುವುದು. ಹುಳಿ ಬಿದ್ದ ನೀರಿನಲ್ಲಿ ಯಾವ ಕಾಳೂ ಬೇಗ ಮೆತ್ತಗಾಗುವುದಿಲ್ಲ. ಮೊದಲು ಬೇಯಲಿ, ಆಮೇಲೆ ಹುಳಿ. ಮಸಾಲೆಗೆ ಗಸಗಸೆ ಹಾಕುವುದು ರೂಢಿ. ಅದರ ಬೆಲೆ ಕೇಳಿ ಬೆಚ್ಚಿದವರು ಒಂದು ದೊಡ್ಡ ಚಮಚ ಹುರಿಗಡಲೆ ಹಾಕಿ ರುಬ್ಬಿದರೆ ಸಾರು ಅಷ್ಟೇ ಮಂದವಾಗುತ್ತದೆ. ಪರಿಮಳ ಕೊಡಲು ಸೊಗಡಿದೆಯಲ್ಲ.

ಆದರೆ ಹಿದಕವರೆ ಭಾನುವಾರದ ಅಡುಗೆ. ವಾರದ ಮಧ್ಯದ ಕೈಬಿಗಿ ದಿನಗಳಿಗೆ ಅಂತ ಇರುವುದು ಉಪ್ಸಾರು. ಮಂಡ್ಯ, ರಾಮನಗರದ ಕಡೆಯ ಈ ಅಡುಗೆಗಿಂತ ಜಾಣ ಜಿಪುಣತನ ಬೇರೆ ಅಡುಗೆಯಲ್ಲಿ ಸಿಗುವುದು ಕಷ್ಟ. ಒಂದು ಪಾತ್ರೆ, ಒಂದು ಉರಿ, ಎರಡು ಪದಾರ್ಥ. ಸಾರಿಗೆ ತೊಟ್ಟು ಎಣ್ಣೆಯೂ ಬೇಡ, ತೆಂಗಿನಕಾಯಿಯೂ ಬೇಡ. ನಾಲ್ಕು ಜನಕ್ಕೆ ಎರಡು ಲೋಟ ಕಾಳು, ಒಂದು ಕಟ್ಟು ದಂಟಿನ ಸೊಪ್ಪು, ಆರು ಲೋಟ ನೀರು, ಒಂದೂವರೆ ಚಮಚ ಉಪ್ಪು. ನೀರು ಮರಳಿದ ಮೇಲೆ ಸಿಪ್ಪೆ ಸಹಿತ ಕಾಳು ಹಾಕಿ. ಎಳೆ ಕಾಳಿಗೆ ಹನ್ನೆರಡು ನಿಮಿಷ, ಬಲಿತದ್ದಕ್ಕೆ ಇಪ್ಪತ್ತು. ಒಂದು ಕಾಳು ತೆಗೆದು ಅಮುಕಿದರೆ ಹಿಟ್ಟಿನಂತಾಗಬೇಕು, ಸಿಪ್ಪೆ ಮಾತ್ರ ಗಟ್ಟಿಯಾಗಿರಬೇಕು. ಆಗ ಹೆಚ್ಚಿದ ಸೊಪ್ಪು ಹಾಕಿ, ಮುಚ್ಚಳ ಮುಚ್ಚದೆ ಐದು ನಿಮಿಷ. ಮುಚ್ಚಿದರೆ ಸೊಪ್ಪಿನ ಹಸಿರು ಕಂದುತ್ತದೆ. ಬಸಿಯಿರಿ.

ಬಸಿದು ಬಂದ ಕಟ್ಟಿನಲ್ಲಿ ಈಗ ಕಾಳಿನ ರುಚಿಯೂ ಸೊಪ್ಪಿನ ರುಚಿಯೂ ಇದೆ, ಖಾರ ಇಲ್ಲ. ಖಾರ ಬೇರೆ: ಎಂಟು ಹಸಿಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಮಚ್ಚೆ ಬೀಳುವವರೆಗೆ ಸುಟ್ಟು, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಗೋಲಿಯಷ್ಟು ಹುಣಸೆ, ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ಗಟ್ಟಿಯಾಗಿ ಅರೆಯುವುದು. ಅದನ್ನು ಪಾತ್ರೆಗೆ ಸುರಿಯಬಾರದು. ಅವರವರ ತಟ್ಟೆಯಲ್ಲಿ ಅವರವರ ಧೈರ್ಯಕ್ಕೆ ತಕ್ಕಷ್ಟು ಕಟ್ಟಿಗೆ ಕದಡಿಕೊಳ್ಳಬೇಕು. ಮಗುವಿಗೆ ಕಾಳು ಗಾತ್ರ, ಮಾವನಿಗೆ ನೆಲ್ಲಿಕಾಯಿ ಗಾತ್ರ. ಖಾರ ಹೆಚ್ಚಾಯಿತು ಅಂತ ಅಡುಗೆ ಮಾಡಿದವರನ್ನು ದೂರುವ ಅವಕಾಶವೇ ಇಲ್ಲದ ಸಾರು ಇದೊಂದೇ ಇರಬೇಕು. ಬುಟ್ಟಿಯಲ್ಲಿ ಉಳಿದ ಕಾಳು ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಈರುಳ್ಳಿ, ಒಣಮೆಣಸಿನಕಾಯಿ ಬಿದ್ದರೆ ಪಲ್ಯ. ಕಟ್ಟು ನೀರುನೀರಾಗಿದೆ ಅನ್ನಿಸಿದರೆ ನೀರು ಹೆಚ್ಚಿಟ್ಟಿದ್ದೀರಿ ಎಂದರ್ಥ. ಒಂದು ಹಿಡಿ ಬೆಂದ ಕಾಳನ್ನು ಖಾರದ ಜೊತೆ ಅರೆದು ಸೇರಿಸಿ. ತೆಂಗಿನಕಾಯಿ, ಈರುಳ್ಳಿ, ಸಾರಿನ ಪುಡಿಯನ್ನೂ ಸೇರಿಸಿ ಕುದಿಸಿದರೆ ಅದು ಬಸ್ಸಾರಾಗಿ ಬಡ್ತಿ ಪಡೆಯುತ್ತದೆ.

ಜೊತೆಗೆ ಮುದ್ದೆ. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟ ನೀರು. ಗಂಟಾಗುವುದು ಆತುರಗಾರರ ಮುದ್ದೆ ಮಾತ್ರ. ಕುದಿಯುವ ನೀರಿನ ನಡುವೆ ಹಿಟ್ಟು ಗುಡ್ಡೆ ಸುರಿದು, ಅದರ ಸುತ್ತ, ಮೇಲೆ ನೀರು ಉಕ್ಕಿ ಐದಾರು ನಿಮಿಷ ಬೇಯುವವರೆಗೆ ಕೋಲು ಮುಟ್ಟಬಾರದು. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ.

ಚಳಿಗಾಲದಲ್ಲಿ ಅಡುಗೆಮನೆಯ ದೊಡ್ಡ ದೂರು ಹುದುಗದ ಇಡ್ಲಿ ಹಿಟ್ಟು. ಎಂಟು ಗಂಟೆಗೆ ಉಬ್ಬುತ್ತಿದ್ದದ್ದು ಹದಿನಾಲ್ಕು ಗಂಟೆಯಾದರೂ ಮುಖ ಎತ್ತುವುದಿಲ್ಲ. ಬಿಸಿ ನೀರಿನ ಪಾತ್ರೆಯ ಪಕ್ಕದಲ್ಲಿಟ್ಟು ಕಂಬಳಿ ಹೊದಿಸಿ ಉಪಚಾರ ಮಾಡಬಹುದು. ಅದಕ್ಕಿಂತ, ಹುದುಗುವ ಗೊಡವೆಯೇ ಇಲ್ಲದ ಅವರೆಕಾಳು ಅಕ್ಕಿರೊಟ್ಟಿ ತಟ್ಟುವುದು ಲೇಸು. ಎರಡು ಲೋಟ ಅಕ್ಕಿಹಿಟ್ಟು, ಮುಕ್ಕಾಲು ಲೋಟ ಬೇಯಿಸಿದ ಕಾಳು, ಒಂದು ಹಿಡಿ ಸಬ್ಬಸಿಗೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು. ಕಾಳು ಬೇಯಿಸಿದ ಬಿಸಿ ನೀರಲ್ಲೇ ಕಲಸಬೇಕು. ತಣ್ಣೀರಿನಲ್ಲಿ ಕಲಸಿದರೆ ತಟ್ಟುವಾಗ ಅಂಚು ಬಿರಿಯುತ್ತದೆ. ಹಸಿ ಕಾಳು ಹಾಕಿದರೆ ರೊಟ್ಟಿ ಬೆಂದರೂ ಕಾಳು ಬೇಯುವುದಿಲ್ಲ, ಹೊಟ್ಟೆ ಸಂಜೆಯವರೆಗೂ ಅದನ್ನು ನೆನಪಿಸುತ್ತಿರುತ್ತದೆ. ಉಪ್ಪಿಟ್ಟಿಗೂ ಇದೇ ಮಾತು ಸಲ್ಲುತ್ತದೆ. ಅವರೆಯ ವಾಯುಗುಣವನ್ನು ಯಾರೂ ಅಲ್ಲಗಳೆದಿಲ್ಲ. ಸಿಲಿಂಡರಿನ ಗ್ಯಾಸು ಉಳಿಸಲು ಅರೆಬೇಯಿಸಿದರೆ ಅದು ಬೇರೆ ಕಡೆ ಜಮೆಯಾಗುತ್ತದೆ. ಶುಂಠಿ, ಬೆಳ್ಳುಳ್ಳಿ, ಇಂಗಿನಲ್ಲಿ ಕೈ ಬಿಗಿ ಹಿಡಿಯಬೇಡಿ.

ಚೀಲದ ಉಳಿದ ಜಾಗಕ್ಕೆ ಮೂಲಂಗಿ, ಸಬ್ಬಸಿಗೆ, ಕೊತ್ತಂಬರಿ ಸಾಕು. ಮೂಲಂಗಿಯ ಎಲೆಯನ್ನು ಅಂಗಡಿಯಲ್ಲೇ ಮುರಿಸಿ ಬಿಟ್ಟುಬರಬೇಡಿ, ಅದು ಉಪ್ಸಾರಿನ ಸೊಪ್ಪು. ಬೆಂಗಳೂರಿನ ವಿ.ವಿ. ಪುರಂನಲ್ಲಿ ಹೆಸರಾದ ಜನವರಿಯ ಅವರೆ ಮೇಳದಲ್ಲಿ ಅವರೆ ದೋಸೆ, ಅವರೆ ಹೋಳಿಗೆ, ಜಿಲೇಬಿಯವರೆಗೂ ಸಿಗುತ್ತದೆ. ತಿಂದು ಬನ್ನಿ. ಮಿಕ್ಸ್ಚರನ್ನು ಮನೆಯಲ್ಲೇ ಕರಿಯುವವರು ಹಿದುಕಿದ ಬೇಳೆಯನ್ನು ಬಟ್ಟೆಯ ಮೇಲೆ ಎರಡು ಗಂಟೆ ಆರಿಸದೆ ಎಣ್ಣೆಗೆ ಬಿಡಬಾರದು, ಎಣ್ಣೆ ಮುಖಕ್ಕೇ ಸಿಡಿಯುತ್ತದೆ.

ಸಂಕ್ರಾಂತಿಗೆ ಕಾಯಿಯನ್ನು ಇಡಿಯಾಗಿ ಗೆಣಸು, ಕಡಲೆಕಾಯಿ ಜೊತೆ ಬೇಯಿಸಿ ತಿಂದಾದ ಮೇಲೆ ಸೊಗಡು ದಿನದಿಂದ ದಿನಕ್ಕೆ ಇಳಿಯುತ್ತದೆ. ಅಗ್ಗದ ಕಾಲ ಮುಗಿಯುವ ಮೊದಲು ಎರಡು ಕೇಜಿ ಹೆಚ್ಚು ತಂದು ಸುಲಿದು, ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ನೀರಾರಿಸಿ ಫ್ರೀಜರಿಗೆ ಸೇರಿಸಿದರೆ ಬೇಸಿಗೆಯವರೆಗೂ ಬರುತ್ತದೆ. ಅದ್ದದೆ ಹಾಗೇ ಇಟ್ಟದ್ದು ತಿಂಗಳೊಳಗೆ ರುಚಿ ಕೆಡುತ್ತದೆ. ಫೆಬ್ರವರಿಯ ಕೊನೆಯ ಗುಡ್ಡೆಗಳಲ್ಲಿ ಉಗುರು ಇಳಿಯದ ಕಾಳು ಬರತೊಡಗುತ್ತದೆ. ಅದನ್ನು ಹಿದುಕುವ ಸಾಹಸ ಬಿಟ್ಟು, ಮೂರು ನಾಲ್ಕು ಬಿಸಿಲು ಕಾಯಿಸಿ, ಕಚ್ಚಿದರೆ ಕಟಕ್ಕನ್ನುವ ಹಾಗಾದಾಗ ಡಬ್ಬಿಗೆ ತುಂಬಿ. ಮೇ ತಿಂಗಳಲ್ಲಿ ತರಕಾರಿ ದುಬಾರಿಯಾದಾಗ ರಾತ್ರಿ ನೆನೆಹಾಕಿ, ಬೆಳಗ್ಗೆ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ಸಾರು ಚೆನ್ನಾಗಿಯೇ ಆಗುತ್ತದೆ, ಬೆರಳು ಮೂಸಿ ನೋಡಿದರೆ ಮಾತ್ರ ಏನೂ ಇರುವುದಿಲ್ಲ.