ಬತ್ತಿ, ಸುರುಳಿ ಮತ್ತು ಅಮ್ಮನ ಚಾ ಪಾತ್ರೆ

ದಿನಕ್ಕೆ 800 ಬೀಡಿ ಕಟ್ಟುವ ತಾಯಿಯ ಮಗನಾಗಿ ಸುರತ್ಕಲ್ಲಿನ ಮನೆಯಲ್ಲಿ ಇ-ಸಿಗರೇಟು ಸೇದುವುದೆಂದರೆ ಮೀನುಗಾರರ ಮನೆಯಲ್ಲಿ ಕುಳಿತು ಡಬ್ಬಿಯ ಮೀನು ತಿಂದ ಹಾಗೆ. ಅದರ ತಯಾರಿಕೆ, ಆಮದು, ಮಾರಾಟಗಳನ್ನು ನಿಷೇಧಿಸಿದ 2019ರ ಕಾಯ್ದೆಗಿಂತ ಬಹಳ ಮೊದಲು, 2013ರಲ್ಲಿ, ದುಬೈಯಿಂದ ರಜೆಗೆ ಬಂದಿದ್ದ ಭಾವ ಅದನ್ನು ನನ್ನ ಕೈಗಿತ್ತು, “ಬೂದಿ ಇಲ್ಲ, ನಾತ ಇಲ್ಲ ಮಾರಾಯ” ಎಂದು ಹೇಳಿ ವಿಮಾನ ಹತ್ತಿದರು. ತೊಳೆಯಬೇಕೆಂಬ ಮಾತನ್ನು ಮಾತ್ರ ಎತ್ತಲಿಲ್ಲ.

ಮೂರನೆಯ ವಾರಕ್ಕೆ ಮಾವಿನ ಹಣ್ಣಿನ ರುಚಿ ಹೋಗಿ ತಳ ಹಿಡಿದ ಪಾಯಸದ ರುಚಿ ಬರತೊಡಗಿತು. ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ಆವಿ ಬರಲಿಲ್ಲ. ಬಿಚ್ಚಿ ನೋಡಿದರೆ, ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಆ ದ್ರವವನ್ನು ಬತ್ತಿ ಹೀರಿ ಕಾದ ತಂತಿಸುರುಳಿಗೆ ಒಪ್ಪಿಸುವ ಆಟಮೈಸರಿನೊಳಗೆ, ಸಿಹಿಯೆಲ್ಲ ಕರಕಲಾಗಿ ಅಂಟಿಕೊಂಡಿತ್ತು. ಸುರುಳಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಿದ್ದೀತು, ಅದರ ಮಸಿ ಮಾತ್ರ ಬಚ್ಚಲ ಹಂಡೆಯ ತಳಕ್ಕೆ ಸಾಟಿಯಾಗಿತ್ತು.

ಬಿಸಿನೀರಿನಲ್ಲಿ ಅದ್ದಬೇಕೆಂದು ತಿಳಿದು, ಕೈಗೆ ಸಿಕ್ಕಿದ ಚಾ ಪಾತ್ರೆಯಲ್ಲಿ ಕುದಿಸಿದೆ. ನೀರು ಕಷಾಯದ ಬಣ್ಣಕ್ಕೆ ತಿರುಗುವ ಹೊತ್ತಿಗೆ ಸರಿಯಾಗಿ ಅಮ್ಮ ಒಳಗೆ ಬಂದರು. “ಎಂತದಾ ಇದು?” ನಿಕೋಟಿನ್ ವಿಷವೆಂಬುದನ್ನು ಪ್ರಾಮಾಣಿಕವಾಗಿ ವಿವರಿಸಿದ್ದೇ ತಪ್ಪಾಯಿತು, ಪಾತ್ರೆ ಅಡುಗೆಮನೆಯಿಂದ ಶಾಶ್ವತವಾಗಿ ಗಡೀಪಾರಾಯಿತು, ಹೊಸದರ ಹಣ ನನ್ನ ಕಿಸೆಯಿಂದ ಹೋಯಿತು. ಬಳಿಕ ಮೆಡಿಕಲ್ ಅಂಗಡಿಯ ಸ್ಪಿರಿಟಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ನೀರಿನಲ್ಲಿ ತೊಳೆದು ಒಣಗಲು ಇಟ್ಟೆ. ಮಳೆ ಬಿಡದ ಆಟಿ ತಿಂಗಳಲ್ಲಿ ನಮ್ಮೂರಿನಲ್ಲಿ ಬನಿಯನೇ ನಾಲ್ಕು ದಿನ ಒಣಗುವುದಿಲ್ಲವೆಂಬುದು ಆಗ ನೆನಪಿಗೆ ಬರಲಿಲ್ಲ. ಕೊನೆಗೆ ಬಚ್ಚಲ ಒಲೆಯ ಕಟ್ಟೆಯ ಮೇಲೆ, ಒದ್ದೆ ಲುಂಗಿಯ ಪಕ್ಕದಲ್ಲಿ ಅದಕ್ಕೂ ಜಾಗ ಸಿಕ್ಕಿತು. ಒಣಗಿತೇನೋ ನಿಜ, ಆದರೆ ತೆಂಗಿನ ಸಿಪ್ಪೆಯ ಹೊಗೆಯನ್ನೂ ಹೊಟ್ಟೆ ತುಂಬ ಕುಡಿದಿತ್ತು.

ಉಳಿದದ್ದು ಸುಡುವ ವಿಧಿ. ಹಳೆಯ ಬತ್ತಿಯನ್ನು ಕಿತ್ತು, ಬರಿಯ ಸುರುಳಿಗೆ 3.7 ವೋಲ್ಟಿನ ಬ್ಯಾಟರಿಯಿಂದ ಎರಡೆರಡು ಸೆಕೆಂಡು ವಿದ್ಯುತ್ತು ಹಾಯಿಸಿದಾಗ ಅದು ಕಿತ್ತಳೆ ಬಣ್ಣಕ್ಕೆ ಕಾದು, ಕರಕಲು ಬಿಳಿ ಬೂದಿಯಾಗಿ ಊದಿದರೆ ಹಾರಿಹೋಯಿತು. ಬೂದಿ ಇಲ್ಲವೆಂದಿದ್ದ ಭಾವನ ನೆನಪಾಯಿತು. ಇಷ್ಟು ಯಶಸ್ಸಿನ ಅಮಲಿನಲ್ಲಿ, ಹೊಸ ಬತ್ತಿಗಾಗಿ ದೇವರ ಕೋಣೆಗೆ ನುಗ್ಗಿ, ಅಮ್ಮ ಹೊಸೆದಿಟ್ಟಿದ್ದ ಹೂಬತ್ತಿಯಿಂದ ಚಿಟಿಕೆ ಹತ್ತಿ ಕಿತ್ತು ಸುರುಳಿಯೊಳಗೆ ತುರುಕಿದೆ. ಹತ್ತಿ ದ್ರವವನ್ನು ಪೂರ್ತಿ ಹೀರುವವರೆಗೆ ಕಾಯಬೇಕಿತ್ತು. ಕಾಯದೆ ಗುಂಡಿ ಒತ್ತಿ ಎಳೆದದ್ದರಿಂದ, ಒಣ ಹತ್ತಿ ಸುಟ್ಟ ಘಾಟು ನೇರವಾಗಿ ಗಂಟಲಿಗೆ ಇಳಿಯಿತು. ಕಣ್ಣಲ್ಲಿ ನೀರು ಸುರಿಸುತ್ತ ಜಗಲಿಯ ಕಂಬ ಹಿಡಿದು ಕೆಮ್ಮುತ್ತಿದ್ದ ನನ್ನನ್ನು, ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಬೀಡಿಯ ತುದಿ ಮಡಚುತ್ತಿದ್ದ ಅಮ್ಮ ತಲೆ ಎತ್ತಿ ನೋಡಿದರು.

“ಇಷ್ಟು ವರ್ಷ ಬೀಡಿ ಕಟ್ಟಿದೆ, ಒಂದನ್ನಾದರೂ ಯಾರೂ ತೊಳೆದು ಸೇದಿದ್ದನ್ನು ನಾನು ಕಾಣಲಿಲ್ಲ” ಎಂದರು. ಹಾಗಾದರೆ ಒಂದು ಬೀಡಿ ಕೊಡುವಿರಾ ಎಂದು ಕೇಳಿದೆ. ಬೀಡಿ ಕಂಪೆನಿಯ ಬ್ರಾಂಚಿನವರಿಗೆ ಲೆಕ್ಕ ಕೊಡಬೇಕೆಂದು ತಡ್ಪೆಯನ್ನು ಆಚೆ ಸರಿಸಿ, ಹೂಬತ್ತಿ ಎಣಿಸಲು ಒಳಗೆ ಹೋದರು.